ಕವಚದ ಮದ್ದು ಮತ್ತು ಪ್ರಸಾದಿಯ ಅವಧಾನ

ಶಿವಭಕ್ತನಾದವನು ತಾನು ಸೇವಿಸುವ ಪ್ರತಿಯೊಂದು ಪದಾರ್ಥವನ್ನೂ ಮೊದಲು ಲಿಂಗಕ್ಕೆ ಅರ್ಪಿಸಿ, ಆ ಬಳಿಕ ಅದನ್ನು ಪ್ರಸಾದವೆಂದು ಕೈಕೊಳ್ಳತಕ್ಕವನು. ಇದು ವೀರಶೈವರ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಮಾತು. ಅನ್ನ, ಹಣ್ಣು, ಹಾಲು, ನೀರು ಇವುಗಳ ವಿಷಯದಲ್ಲಿ ಈ ನಿಯಮವನ್ನು ತಪ್ಪದೆ ನಡೆಸುವ ಮನೆತನಗಳು ಇಂದಿಗೂ ಸಾಕಷ್ಟಿವೆ. ಆದರೆ ಔಷಧಿಯ ಪ್ರಸಂಗ ಬಂದಾಗ ನಿಯಮವು ಹೇಗೋ ಸಡಿಲಗೊಳ್ಳುತ್ತದೆ. ಜ್ವರ ಬಂದವನು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದುಬಿಡುತ್ತಾನೆ. ಅದನ್ನು ಲಿಂಗಕ್ಕೆ ತೋರಬೇಕೆಂಬ ನೆನಪೇ ಅವನಿಗೆ ಬರುವುದಿಲ್ಲ. ಹಾಗಾದರೆ ಔಷಧಿಯು ಪದಾರ್ಥವಲ್ಲವೆ? ನಾಲಗೆಯನ್ನು ಹಾದು ಉದರವನ್ನು ಸೇರಿ ರಕ್ತದಲ್ಲಿ ಬೆರೆಯುವ ವಸ್ತುವು ಅಂಗಡಿಯಿಂದ ಬಂದಿತೆಂಬ ಮಾತ್ರಕ್ಕೆ ಅರ್ಪಿತದ ಎಲ್ಲೆಯಿಂದ ಹೊರಗುಳಿಯಬಲ್ಲುದೆ?

ಹನ್ನೆರಡನೆಯ ಶತಮಾನದ ಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯನಿದ್ದನು. ಮದ್ದನ್ನು ಅರೆದು ಕೊಡುವುದೇ ಅವನ ಕಾಯಕ. ಆ ಕಾಯಕದ ಮಾತಿನಲ್ಲಿಯೇ ಅವನು ವಚನಗಳನ್ನು ನುಡಿದನು. ರೋಗ, ಪಥ್ಯ, ಔಷಧಿ ಇವು ಶರಣಧರ್ಮಕ್ಕೆ ಹೊರಗಿನ ಸಂಗತಿಗಳಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಹೀಗೆ ಒಂದೊಂದು ಸ್ಥಲಕ್ಕೂ ಒಂದೊಂದು ಬಗೆಯ ಭಕ್ತಿಯನ್ನು ಹಿರಿಯರು ನಿರ್ದೇಶಿಸಿದ್ದಾರೆ. ಅವಧಾನವೆಂದರೆ ಎಚ್ಚರ. ಪ್ರಸಾದಿಯು ತನ್ನ ಕೈಯಲ್ಲಿರುವುದು ಏನು, ಅದು ಎಲ್ಲಿಂದ ಬಂದಿತು, ಯಾರ ದುಡಿಮೆಯಿಂದ ಬಂದಿತು, ಯಾವ ಜೀವಕ್ಕೆ ನೋವನ್ನುಂಟುಮಾಡಿ ಬಂದಿತು ಎಂಬುದನ್ನು ಅರಿಯದೆ ಅರ್ಪಿಸುವುದಿಲ್ಲ. ಅರಿಯದೆ ಅರ್ಪಿಸಿದುದು ಕೈಯ ಚಲನೆಯೇ ಹೊರತು ಅರ್ಪಿತವಲ್ಲ. ಆದರೆ ಈ ಎಚ್ಚರವು ಅತಿಯಾಗಿ ಶಂಕೆಗೆ ತಿರುಗಿದಾಗ, ಅದು ಭಕ್ತನನ್ನು ಉಳಿಸುವುದಕ್ಕೆ ಬದಲಾಗಿ ಕೊಲ್ಲಲೂಬಹುದು. ಈ ಎರಡು ಮಾತುಗಳನ್ನೂ ಇಂದಿನ ಒಂದು ಸಣ್ಣ ವಸ್ತುವಿನ ಮೂಲಕ ವಿಚಾರಿಸಬಹುದಾಗಿದೆ. ಆ ವಸ್ತುವೇ ಕ್ಯಾಪ್ಸೂಲಿನ ಕವಚ.

ದೃಷ್ಟಾಂತಕ್ಕಾಗಿ ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ ಒಂದು ಮನೆಯನ್ನು ಭಾವಿಸಿಕೊಳ್ಳೋಣ. ಅಲ್ಲಿಯ ಗಣಿಯು ಭೂಮಿಯೊಳಗೆ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತೆಂಬುದೂ, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವೆಂಬುದೂ ಸರ್ವವಿದಿತ. ಚಿನ್ನವು ಬೆಣಚುಕಲ್ಲಿನಲ್ಲಿ ಅಡಗಿರುತ್ತದೆ. ಆ ಕಲ್ಲನ್ನು ಕೊರೆಯುವಾಗ, ಸಿಡಿಸುವಾಗ ಏಳುವ ಸೂಕ್ಷ್ಮ ಧೂಳು ಶ್ವಾಸಕೋಶವನ್ನು ಸೇರಿ ಅಲ್ಲಿಯೇ ನಿಂತು, ವರ್ಷಗಳು ಕಳೆದ ಬಳಿಕ ಸಿಲಿಕೋಸಿಸ್ ಎಂಬ ರೋಗವಾಗಿ ಕಾಣಿಸಿಕೊಳ್ಳುತ್ತದೆ. ಹಾಗೆ ಗಟ್ಟಿಗೊಂಡ ಶ್ವಾಸಕೋಶದಲ್ಲಿ ಕ್ಷಯವು ಸುಲಭವಾಗಿ ಬೇರೂರುವುದು. ಭಾವಿಸಿಕೊಂಡ ಮನೆಯ ಹಿರಿಯರು ಬಹುಕಾಲ ಗಣಿಯೊಳಗೆ ದುಡಿದವರು, ತ್ರಿಕಾಲ ಲಿಂಗಪೂಜಾನಿಷ್ಠರು, ಮಿತಭಾಷಿಗಳು. ಗಣಿ ಮುಚ್ಚಿದ ಕೆಲವು ವರ್ಷಗಳಲ್ಲಿ ಅವರಿಗೆ ಕೆಮ್ಮು ಹತ್ತಿತು. ಪರೀಕ್ಷೆಯಲ್ಲಿ ಕ್ಷಯವೆಂದು ತಿಳಿಯಿತು.

ಆ ಕಾಲದಲ್ಲಿ ಸರ್ಕಾರದ ಕ್ಷಯ ನಿಯಂತ್ರಣ ಕಾರ್ಯಕ್ರಮದಲ್ಲಿ ರೋಗಿಯೊಬ್ಬನಿಗೆ ಪೂರ್ಣ ಚಿಕಿತ್ಸೆಗೆ ಬೇಕಾದ ಮದ್ದನ್ನು ಒಂದೇ ಪೆಟ್ಟಿಗೆಯಲ್ಲಿ ತೆಗೆದಿರಿಸುತ್ತಿದ್ದರು. ವಾರಕ್ಕೆ ಮೂರು ದಿನ ಮದ್ದು. ಮೊದಲ ಎರಡು ತಿಂಗಳು ಆರೋಗ್ಯ ಕಾರ್ಯಕರ್ತರ ಕಣ್ಣೆದುರಿನಲ್ಲಿಯೇ ನುಂಗಬೇಕು. ಮುಂದಿನ ನಾಲ್ಕು ತಿಂಗಳು ವಾರದ ಮೊದಲ ಸರದಿಯನ್ನು ಮಾತ್ರ ಅವರೆದುರು ನುಂಗಿ, ಉಳಿದುದನ್ನು ಮನೆಗೆ ಒಯ್ದು, ಮರುವಾರ ಬರಿದಾದ ಹಾಳೆಯನ್ನು ಹಿಂದಿರುಗಿಸಬೇಕು. ಅದರಲ್ಲಿ ಉಳಿದ ಮದ್ದುಗಳೆಲ್ಲ ಬಿಲ್ಲೆಗಳು. ರಿಫಾಂಪಿಸಿನ್ ಎಂಬ ಮುಖ್ಯ ಮದ್ದು ಮಾತ್ರ ಕ್ಯಾಪ್ಸೂಲು. ಹಿರಿಯರು ಎರಡು ತಿಂಗಳು ಒಂದು ಸರದಿಯನ್ನೂ ತಪ್ಪಿಸಲಿಲ್ಲ. ಕೆಮ್ಮು ಇಳಿಯಿತು, ಹಸಿವು ಮರಳಿತು. ಆಗ ಯಾರೋ ಪರಿಚಿತರು ಮಾತಿಗೆ ಮಾತು ಬಂದು, “ಈ ಕ್ಯಾಪ್ಸೂಲಿನ ಮೇಲಿನ ಸಿಪ್ಪೆ ಏತರದು ಬಲ್ಲಿರಾ? ದನದ ಮೂಳೆಯದು” ಎಂದುಬಿಟ್ಟರು.

ಆ ಮಾತು ಸುಳ್ಳಾಗಿರಲಿಲ್ಲ. ಅಂದಿನ ಕ್ಯಾಪ್ಸೂಲಿನ ಕವಚವು ಸಾಮಾನ್ಯವಾಗಿ ಜೆಲಾಟಿನ್ನಿನದು. ಇಂದಿಗೂ ಬಹುಪಾಲು ಹಾಗೆಯೇ ಇದೆ. ಪ್ರಾಣಿಗಳ ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿ ಕೊಲಾಜೆನ್ ಎಂಬ ಸಾರವಿರುತ್ತದೆ. ಮೂಳೆಯನ್ನು ಪುಡಿಗುಟ್ಟಿ, ಆಮ್ಲದಲ್ಲಿ ನೆನೆಯಿಟ್ಟರೆ ಅದರ ಸುಣ್ಣದ ಅಂಶವೆಲ್ಲ ಕರಗಿಹೋಗಿ ಮೆತ್ತನೆಯ ತಿರುಳು ಉಳಿಯುತ್ತದೆ. ಆ ತಿರುಳನ್ನು ಕೆಲವು ವಾರಗಳ ಕಾಲ ಸುಣ್ಣದ ನೀರಿನಲ್ಲಿಟ್ಟು, ತೊಳೆದು, ಬಿಸಿನೀರಿನಲ್ಲಿ ಕುದಿಸಿ ಬಸಿದಾಗ ದೊರೆಯುವುದೇ ಜೆಲಾಟಿನ್. ವಿದೇಶಗಳಲ್ಲಿ ಇದಕ್ಕೆ ಹಂದಿಯ ಚರ್ಮವನ್ನೂ ಬಳಸುತ್ತಾರೆ. ಭಾರತದಲ್ಲಿ ಹೆಚ್ಚಾಗಿ ಬಳಕೆಯಾಗುವುದು ದನ ಎಮ್ಮೆಗಳ ಮೂಳೆ. 1834ರಲ್ಲಿ ಪ್ಯಾರಿಸ್ಸಿನಲ್ಲಿ ಮೋತ್ ಮತ್ತು ದ್ಯುಬ್ಲಾಂಕ್ ಎಂಬುವರು ಜೆಲಾಟಿನ್ ಕವಚಕ್ಕೆ ಪೇಟೆಂಟು ಪಡೆದರು. ಕಹಿಮದ್ದು ನಾಲಗೆಗೆ ತಾಗದಂತೆ ನುಂಗಿಸುವುದು ಅವರ ಉದ್ದೇಶ. ಮೈಯ ಬಿಸಿಗೆ ಬೇಗ ಕರಗುವ, ತಣ್ಣಗಾದಾಗ ತೆಳುವಾದ ಗಟ್ಟಿಪೊರೆಯಾಗುವ ಈ ವಸ್ತುವಿಗೆ ಸಮನಾದುದು ಅಗ್ಗದಲ್ಲಿ ಬೇರೊಂದು ಸಿಗದೆ, ಸುಮಾರು ಒಂದೂವರೆ ಶತಮಾನ ಜಗತ್ತೆಲ್ಲ ಅದನ್ನೇ ಬಳಸಿತು.

ಹಿರಿಯರು ಆ ರಾತ್ರಿ ಊಟ ಮಾಡಲಿಲ್ಲ. ಎರಡು ತಿಂಗಳಿಂದ ತಾವು ಲಿಂಗಕ್ಕೆ ತೋರಿ ಕೈಕೊಂಡುದು ಏನು ಎಂಬ ಚಿಂತೆ ಅವರನ್ನು ಸುಟ್ಟಿತು. ಮರುದಿನದಿಂದ ಅವರು ಬಿಲ್ಲೆಗಳನ್ನು ಮಾತ್ರ ನುಂಗಿ, ಕ್ಯಾಪ್ಸೂಲನ್ನು ಬಿಡಿಸಿ, ಒಳಗಿನ ಕೆಂಪು ಪುಡಿಯನ್ನು ಬಾಳೆಹಣ್ಣಿನಲ್ಲಿ ಕಲಸಿ ತಿನ್ನತೊಡಗಿದರು. ಅರ್ಧ ಪುಡಿ ಬೆರಳಿಗೂ ಬಟ್ಟಲಿಗೂ ಮೆತ್ತಿಕೊಂಡು ಹೋಯಿತು. ಕೆಲವು ದಿನಗಳಲ್ಲಿ ಅದೂ ಬೇಡವೆನಿಸಿತು. ಬರಿದಾದ ಹಾಳೆಯನ್ನು ಮಾತ್ರ ವಾರವಾರವೂ ತಪ್ಪದೆ ಹಿಂದಿರುಗಿಸಿದರು. ಮನೆಯಲ್ಲಿ ಇದನ್ನು ಕಂಡವಳು ಸೊಸೆ. “ಮಾವ, ಡಾಕ್ಟರನ್ನಾದರೂ ಒಂದು ಮಾತು ಕೇಳಿ” ಎಂದು ಅವಳು ಎರಡು ಬಾರಿ ಹೇಳಿ ನೋಡಿದಳು. “ಶೀಲದ ಸಂಗತಿಯನ್ನು ಡಾಕ್ಟರನ್ನು ಕೇಳುವುದೇನಮ್ಮಾ?” ಎಂದು ಅವರು ಮಾತನ್ನು ಮುಗಿಸಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಹಿರಿಯರು ಮೂಢರೆಂದು ನಗುವುದು ಸುಲಭ. ಆದರೆ ಅವರ ಸಂಕಟದ ಮೂಲದಲ್ಲಿರುವುದು ಪ್ರಸಾದಿಯ ಅವಧಾನವೇ. ಕವಚವು ಪೊಟ್ಟಣದ ಕಾಗದದಂತೆ ಬಿಚ್ಚಿ ಎಸೆಯುವ ವಸ್ತುವಲ್ಲ. ಅದು ಮದ್ದಿನೊಡನೆಯೇ ಕರಗಿ ಮೈಗೆ ಸೇರುತ್ತದೆ. ಒಳಗಿನ ಮದ್ದು ಹೇಗೆ ಪದಾರ್ಥವೋ ಹೊರಗಿನ ಕವಚವೂ ಹಾಗೆಯೇ ಪದಾರ್ಥ. ಅದನ್ನು ಕುರಿತು ಪ್ರಶ್ನಿಸಿದುದು ಸರಿ. ತಪ್ಪಿದುದು ಆ ಮೇಲೆ. ಪ್ರಶ್ನೆಗೆ ಉತ್ತರವನ್ನು ಅರಸದೆ ಅವರು ಒಬ್ಬರೇ ತೀರ್ಪನ್ನು ಕೊಟ್ಟುಕೊಂಡರು. ಕೊಟ್ಟುಕೊಂಡ ತೀರ್ಪನ್ನು ಬರಿಯ ಹಾಳೆಯಿಂದ ಮುಚ್ಚಿದರು. ಮೂಳೆಯ ಕವಚ ಸೋಂಕೀತೆಂದು ಅಂಜಿದವರು ಹುಸಿ ಸೋಂಕೀತೆಂದು ಅಂಜಲಿಲ್ಲ.

ಕ್ಷಯದ ಮದ್ದನ್ನು ನಡುವೆ ಬಿಟ್ಟರೆ ಏನಾಗುವುದೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರಬೇಕು. ರೋಗದ ಅಣುಜೀವಿಗಳಲ್ಲಿ ಬಲಹೀನವಾದುವು ಮೊದಲು ಸಾಯುತ್ತವೆ. ಕೆಮ್ಮು ನಿಂತಿತೆಂದು ಮದ್ದನ್ನು ಬಿಟ್ಟರೆ ಉಳಿದ ಬಲಶಾಲಿಗಳು ಮತ್ತೆ ಹೆಚ್ಚುತ್ತವೆ, ಹಾಗೂ ಅದೇ ಮದ್ದಿಗೆ ಜಗ್ಗದಂತಾಗುತ್ತವೆ. ಅರೆಬರೆಯಾಗಿ ತೆಗೆದುಕೊಂಡರೂ ಇದೇ ಗತಿ. ಆಹಾರದೊಡನೆ ಕಲಸಿದ ರಿಫಾಂಪಿಸಿನ್ ಪೂರ್ತಿಯಾಗಿ ರಕ್ತಗತವಾಗುವುದೂ ಇಲ್ಲ. ಅಂತಹ ರೋಗಿಯ ಕೆಮ್ಮಿನಿಂದ ಹರಡುವುದು ಆ ಜಗ್ಗದ ರೋಗವೇ. ಅದು ಮನೆಯ ಮೊಮ್ಮಗುವಿಗೆ ತಗುಲಬಹುದು, ಸಾಲುಮನೆಗಳ ನೆರೆಯವರಿಗೆ ತಗುಲಬಹುದು. ಒಂದು ಪ್ರಾಣಿಯ ಹಿಂಸೆಯ ಶೇಷವನ್ನು ತಾನು ಮುಟ್ಟಬಾರದೆಂಬ ವ್ರತದಿಂದ ಹತ್ತು ಮನುಷ್ಯರ ಉಸಿರಿಗೆ ಹಿಂಸೆ ಒದಗಿದರೆ, ಅಲ್ಲಿ ದಯೆಗೆ ಎಡೆಯೆಲ್ಲಿ?

ಬಿನ್ನಹಕ್ಕೆ ಬಂದ ಅಯ್ಯನವರೊಡನೆ ಸೊಸೆಯು ಕೊನೆಗೆ ಈ ಸಂಗತಿಯನ್ನು ಅರಿಕೆ ಮಾಡಿಕೊಂಡಳು. ಅಯ್ಯನವರು ಹಿರಿಯರನ್ನು ಗದರಲಿಲ್ಲ. “ನಿಮ್ಮ ಕಾಯವು ನಿಮ್ಮದೋ, ಲಿಂಗದ್ದೋ?” ಎಂದು ಕೇಳಿದರು. “ಲಿಂಗದ್ದು” ಎಂದರು ಹಿರಿಯರು. “ಹಾಗಾದರೆ ಪರರ ಗುಡಿಯನ್ನು ಕೆಡವಲು ನಿಮಗೆ ಅಧಿಕಾರ ಕೊಟ್ಟವರಾರು? ಈಗ ಸಿಗುವ ಮದ್ದು ಇದೊಂದೇ. ಇದನ್ನು ಅರಿತು, ಬೇರೆ ದಾರಿಯಿಲ್ಲವೆಂದು ಒಪ್ಪಿಕೊಂಡು ಅರ್ಪಿಸಿ. ನಾಳೆ ಬೇರೆ ಸಿಕ್ಕಿದರೆ ಇದನ್ನು ಬಿಡಿ. ಇಂದೇ ಮಾಡಬೇಕಾದುದು ಇನ್ನೊಂದಿದೆ. ಆ ಕಾರ್ಯಕರ್ತೆಯ ಬಳಿಗೆ ಹೋಗಿ, ಎಷ್ಟು ಸರದಿ ತಪ್ಪಿಸಿದಿರೆಂಬುದನ್ನು ಇದ್ದಂತೆ ಹೇಳಿ ಬನ್ನಿ.”

ಹಿರಿಯರಿಗೆ ಮೊದಲನೆಯ ಮಾತಿಗಿಂತ ಎರಡನೆಯದು ಕಠಿಣವಾಯಿತೆಂದು ಬೇರೆ ಹೇಳಬೇಕಿಲ್ಲ. ಆದರೂ ಹೋದರು. ಕಫದ ಪರೀಕ್ಷೆ ಮತ್ತೆ ನಡೆಯಿತು, ಚಿಕಿತ್ಸೆಯ ಅವಧಿ ಬೆಳೆಯಿತು, ಮದ್ದು ಪೂರ್ತಿಯಾಯಿತು.

ಅಂದು ಅಯ್ಯನವರು “ನಾಳೆ ಬೇರೆ ಸಿಕ್ಕಿದರೆ” ಎಂದುದು ಬರಿಯ ಸಮಾಧಾನದ ಮಾತಲ್ಲ. ಕ್ಷಯದ ಮದ್ದಿನ ಮಟ್ಟಿಗಂತೂ ಆ ನಾಳೆ ಬಂದಿದೆ. 2017ರಿಂದೀಚೆಗೆ ಸರ್ಕಾರದ ಕಾರ್ಯಕ್ರಮದಲ್ಲಿ ರಿಫಾಂಪಿಸಿನ್ ಉಳಿದ ಮದ್ದುಗಳೊಡನೆ ಒಂದೇ ಬಿಲ್ಲೆಯಲ್ಲಿ ಬೆರೆತು, ದಿನವೂ ನುಂಗುವಂತೆ ಬರುತ್ತಿದೆ. ಕ್ಯಾಪ್ಸೂಲಿನಲ್ಲಿಯೇ ಬರಬೇಕಾದ ಮದ್ದುಗಳಿಗೂ ಸಸ್ಯಮೂಲದ ಕವಚಗಳು ಬಂದಿವೆ. ಅವುಗಳ ರಚನೆಯನ್ನು ಕೊಂಚ ವಿವರವಾಗಿ ತಿಳಿಯುವುದು ಒಳ್ಳೆಯದು. ಅರಿಯದೆ ಬೇಡವೆನ್ನುವುದು ಹೇಗೆ ದೋಷವೋ ಅರಿಯದೆ ಬೇಕೆನ್ನುವುದೂ ಹಾಗೆಯೇ.

ಮರಗಿಡಗಳ ಮೈಯನ್ನು ನಿಲ್ಲಿಸುವ ನಾರಿಗೆ ಸೆಲ್ಯುಲೋಸ್ ಎಂದು ಹೆಸರು. ದೇವದಾರುವಿನ ಜಾತಿಯ ಮರಗಳ ತಿರುಳಿನಿಂದಲೋ, ಹತ್ತಿಬೀಜಕ್ಕೆ ಅಂಟಿ ಉಳಿದ ಕಿರುನಾರಿನಿಂದಲೋ ಇದನ್ನು ತೆಗೆಯುತ್ತಾರೆ. ನಾರು ತಾನಾಗಿ ನೀರಿನಲ್ಲಿ ಕರಗದು. ಆದುದರಿಂದ ಅದನ್ನು ಕ್ಷಾರದಲ್ಲಿ ನೆನೆಯಿಟ್ಟು, ಬೇರೆ ರಾಸಾಯನಿಕಗಳೊಡನೆ ಬೆರೆಸಿ, ಬಿಸಿನೀರಿನಲ್ಲಿ ತೊಳೆದು, ಕರಗುವ ಬಿಳಿಯ ಪುಡಿಯನ್ನಾಗಿ ಮಾರ್ಪಡಿಸುತ್ತಾರೆ. ಹೈಪ್ರೊಮೆಲ್ಲೋಸ್ ಎಂಬುದು ಆ ಪುಡಿಯ ಹೆಸರು. ಪೊಟ್ಟಣದ ಮೇಲೆ ಎಚ್.ಪಿ.ಎಂ.ಸಿ. ಎಂದೂ ಬರೆದಿರುವುದುಂಟು. ಅದರ ದ್ರಾವಣದಲ್ಲಿ ಸಾಲುಸಾಲಾದ ಉಕ್ಕಿನ ಕಡ್ಡಿಗಳನ್ನು ಅದ್ದಿ ಎತ್ತಿ ಒಣಗಿಸಿದರೆ ಕಡ್ಡಿಯ ತುದಿಗೆ ತೆಳುವಾದ ಟೊಪ್ಪಿಗೆಯೊಂದು ಕಟ್ಟಿಕೊಳ್ಳುತ್ತದೆ. ಅದನ್ನು ಕಳಚಿ, ಅಳತೆಗೆ ಕತ್ತರಿಸಿ, ಉದ್ದನೆಯದಕ್ಕೆ ಗಿಡ್ಡನೆಯದನ್ನು ತೊಡಿಸಿದರೆ ಕವಚ ಸಿದ್ಧ. ಜೆಲಾಟಿನ್ ಕವಚವನ್ನು ಮಾಡುವ ಕ್ರಮವೂ ಬಹುಮಟ್ಟಿಗೆ ಇದೇ. ಒಂದು ವಿಪರ್ಯಯವಿದೆ: ಜೆಲಾಟಿನ್ ತಣ್ಣಗಾದಾಗ ಗಟ್ಟಿಯಾಗುವುದು, ಈ ಮರದ ಸಾರ ಬಿಸಿಯಾದಾಗ ಗಟ್ಟಿಯಾಗುವುದು. ಆದುದರಿಂದ ಕೆಲವರು ಕಡ್ಡಿಗಳನ್ನು ಕಾಯಿಸಿ ಅದ್ದುತ್ತಾರೆ. ಕೆಲವರು ಕಡಲಪಾಚಿಯಿಂದ ತೆಗೆದ ಅಂಟನ್ನು ಬೆರೆಸಿ ತಣ್ಣಗೆಯೇ ಗಟ್ಟಿಯಾಗಿಸುತ್ತಾರೆ.

ಗುಣದಲ್ಲಿಯೂ ವ್ಯತ್ಯಾಸವುಂಟು. ಜೆಲಾಟಿನ್ ಕವಚದಲ್ಲಿ ನೂರಕ್ಕೆ 13ರಿಂದ 16ರಷ್ಟು ತೇವವಿದ್ದೇ ತೀರಬೇಕು. ಇಲ್ಲದಿದ್ದರೆ ಅದು ಒಣಗಿ ಒಡೆಯುತ್ತದೆ. ಸೆಲ್ಯುಲೋಸಿನ ಕವಚವು ಅದರ ಅರ್ಧಕ್ಕಿಂತ ಕಡಿಮೆ ತೇವದಲ್ಲಿಯೂ ಬಾಗಿ ಬಳುಕುವುದು. ತೇವ ತಾಗಿದರೆ ಕೆಡುವ ಮದ್ದುಗಳಿಗೆ, ಗಿಡಮೂಲಿಕೆಗಳ ಒಣಸಾರಗಳಿಗೆ ಇದು ಹಿತಕರವೆಂದು ಔಷಧಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಪ್ರತಿಯಾಗಿ ಗಾಳಿಯ ಆಮ್ಲಜನಕವು ಜೆಲಾಟಿನ್ನಿಗಿಂತ ಇದರಲ್ಲಿ ಸುಲಭವಾಗಿ ನುಸುಳುತ್ತದೆ. ಬೆಲೆಯೂ ಹೆಚ್ಚು. ಪುಲ್ಲುಲಾನ್ ಎಂಬ ಮತ್ತೊಂದು ಬಗೆಯ ಕವಚವೂ ಉಂಟು. ಅದು ಪಿಷ್ಟವನ್ನು ಒಂದು ಬಗೆಯ ಬೂಷ್ಟಿನಿಂದ ಹುಳಿಸಿ ಪಡೆಯುವ ಸಾರ. ಹುಳಿಬಂದ ಹಿಟ್ಟಿನ ದೋಸೆಯನ್ನು ಅರ್ಪಿಸಿ ಉಣ್ಣುವವರು ಅದಕ್ಕೆ ಬೆಚ್ಚಬೇಕಾದುದಿಲ್ಲ.

ಇದೆಲ್ಲ ದೂರದೇಶದ ಸುದ್ದಿಯೆಂದು ತಿಳಿಯಬಾರದು. ಚಾಂಪಿಯನ್ ರೀಫ್ಸಿನಿಂದ ಬಂಗಾರಪೇಟೆ, ಮಾಲೂರುಗಳನ್ನು ಹಾದು ಒಂದೇ ದಿನದಲ್ಲಿ ಹೋಗಿಬರಬಹುದಾದ ಅತ್ತಿಬೆಲೆಯಲ್ಲಿಯೇ ಕವಚಗಳ ಕಾರ್ಖಾನೆಯೊಂದಿದೆ. 1993ರಲ್ಲಿ ಸ್ಥಾಪಿತವಾದ ಬೆಂಗಳೂರಿನ ನ್ಯಾಚುರಲ್ ಕ್ಯಾಪ್ಸೂಲ್ಸ್ ಸಂಸ್ಥೆಯು ಜೆಲಾಟಿನ್ ಕವಚವನ್ನೂ ಸೆಲ್ಯುಲೋಸಿನ ಕವಚವನ್ನೂ ತಯಾರಿಸುತ್ತದೆ. ಒಂದೇ ಸಂಸ್ಥೆ, ಎರಡೂ ಕವಚ; ಯಾವುದು ಹೆಚ್ಚಾಗಿ ಹೊರಬರಬೇಕೆಂಬುದು ಕೊಳ್ಳುವವರ ಕೇಳಿಕೆಯನ್ನು ಅವಲಂಬಿಸಿದೆ. ಕೇಂದ್ರ ಸರ್ಕಾರವೂ ಜೆಲಾಟಿನ್ನಿಗೆ ಬದಲಾಗಿ ಸೆಲ್ಯುಲೋಸನ್ನು ತರಬಹುದೇ ಎಂಬ ವಿಚಾರವನ್ನು 2016ರಲ್ಲಿ ಎತ್ತಿಕೊಂಡಿತು. 2017ರಲ್ಲಿ ಅದರ ತಾಂತ್ರಿಕ ಪ್ರಶ್ನೆಗಳ ಪರಿಶೀಲನೆಗೆ ಒಂದು ತಜ್ಞಸಮಿತಿಯನ್ನು ನೇಮಿಸಿತು. ಸಮಿತಿಯ ಅಧ್ಯಕ್ಷರು ಪ್ರೊ. ಸಿ. ಕೆ. ಕೊಕಟೆಯವರು, ಗಿಡಮೂಲಿಕೆಗಳ ಔಷಧಶಾಸ್ತ್ರದಲ್ಲಿ ಹೆಸರಾಂತ ಪಠ್ಯಗ್ರಂಥದ ಕರ್ತೃಗಳಲ್ಲೊಬ್ಬರು, ಬೆಳಗಾವಿಯ ಕೆ.ಎಲ್.ಇ. ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. 1916ರಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ ಎಂದು ಹುಟ್ಟಿದ ಸಂಸ್ಥೆಯ ವಿದ್ವಾಂಸರೊಬ್ಬರಿಗೆ ಈ ವಿಚಾರಣೆ ಒದಗಿದುದನ್ನು ಕಂಡು ಭಕ್ತರು ಸಂತೋಷಪಟ್ಟರೆ ತಪ್ಪೇನೂ ಇಲ್ಲ. ಆದರೆ ಜೆಲಾಟಿನ್ ಹೋಗಿಲ್ಲ. ಎರಡೂ ಬಗೆಯ ಕವಚಗಳು ಅಂಗಡಿಯಲ್ಲಿವೆ.

ಹಾಗಾದರೆ ಗೃಹಸ್ಥನು ಗುರುತಿಸುವುದೆಂತು? ಇಲ್ಲಿ ಕಾಯಿದೆಯು ಎರಡು ಬಗೆಯಾಗಿದೆಯೆಂಬುದನ್ನು ಗಮನಿಸತಕ್ಕದ್ದು. ಪುಷ್ಟಿಗಾಗಿ ಸೇವಿಸುವ ಜೀವಸತ್ವ ಮೊದಲಾದ ಪೂರಕಗಳು ಆಹಾರದ ಕಾಯಿದೆಗೆ ಒಳಪಟ್ಟಿವೆ. ಆಹಾರದ ಪೊಟ್ಟಣದ ಮೇಲೆ ಸಸ್ಯಾಹಾರಕ್ಕೆ ಹಸಿರು ಚುಕ್ಕೆಯನ್ನೂ ಮಾಂಸಾಹಾರಕ್ಕೆ ಕಂದುಗುರುತನ್ನೂ ಹಾಕಬೇಕು. ಮೊದಲು ಚುಕ್ಕೆಯಾಗಿದ್ದ ಕಂದುಗುರುತು ಈಗ ತ್ರಿಕೋನವಾಗಿದೆ. ಆದರೆ ರೋಗಕ್ಕೆ ಕೊಡುವ ಔಷಧಿಯ ಮಾತು ಬೇರೆ. ಪ್ರಾಣರಕ್ಷಕ ಔಷಧಿಗಳನ್ನುಳಿದು ಮಿಕ್ಕುವುಗಳ ಮೇಲೆ ಇಂತಹ ಗುರುತಿರಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪಿತ್ತಿತು. ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಅದನ್ನು ರದ್ದುಗೊಳಿಸಿತು. ಆದುದರಿಂದ ಔಷಧಿಯ ಹಾಳೆಯ ಮೇಲೆ ಹಸಿರು ಚುಕ್ಕೆಯನ್ನು ಹುಡುಕುತ್ತ ಕುಳಿತರೆ ಫಲವಿಲ್ಲ. ಡಾಕ್ಟರನ್ನೋ ಔಷಧಿಯ ಅಂಗಡಿಯವರನ್ನೋ ಬಾಯಿಬಿಟ್ಟು ಕೇಳಬೇಕು: ಇದೇ ಮದ್ದು ಬಿಲ್ಲೆಯಲ್ಲಿ ಸಿಗುವುದೇ, ಪಾನಕದ ರೂಪದಲ್ಲಿ ಸಿಗುವುದೇ, ಸಸ್ಯಕವಚದಲ್ಲಿ ಸಿಗುವುದೇ? ಅನೇಕ ಮದ್ದುಗಳು ಸಿಗುತ್ತವೆ. ಕವಚವನ್ನು ಬಿಡಿಸಿ ಪುಡಿಯನ್ನು ಸುರಿದುಕೊಳ್ಳುವ ಉಪಾಯವನ್ನು ಮಾತ್ರ ಕೇಳದೆ ಮಾಡಬಾರದು. ಕೆಲವು ಮದ್ದಿನ ಕಣಗಳಿಗೆ ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗುವಂತೆ ಲೇಪ ಕೊಟ್ಟಿರುತ್ತಾರೆ. ಅರೆದರೆ ಮದ್ದು ಕೆಡುವುದು. ಇನ್ನು ಕೆಲವನ್ನು ದಿನವಿಡೀ ಸ್ವಲ್ಪಸ್ವಲ್ಪವೇ ಒಸರುವಂತೆ ಕಟ್ಟಿರುತ್ತಾರೆ. ಪುಡಿಮಾಡಿದರೆ ದಿನದ ಮದ್ದೆಲ್ಲ ಒಂದೇ ಗಳಿಗೆಯಲ್ಲಿ ಮೈಗೇರಿ ಅಪಾಯವಾಗುವುದು.

ಇಂಗ್ಲಿಷ್ ಮದ್ದಿನಲ್ಲಿ ಮಾತ್ರ ಈ ದೋಷವೆಂದು ಮೂಗುಮುರಿಯುವವರು ಕಸ್ತೂರಿ, ಗೋರೋಚನ, ಶಂಖಭಸ್ಮಗಳು ಎಲ್ಲಿಂದ ಬರುತ್ತವೆಂಬುದನ್ನೂ ಒಮ್ಮೆ ಯೋಚಿಸಬಹುದು.

ಇನ್ನೊಂದು ಮಾತನ್ನು ಇಲ್ಲಿ ಹೇಳದಿದ್ದರೆ ವಿಚಾರವು ಅರ್ಧವಾಗುವುದು. ಜೆಲಾಟಿನ್ನನ್ನು ಒಲ್ಲದವನ ಮನಸ್ಸಿನಲ್ಲಿ ಎರಡು ಬಗೆಯ ಕಾರಣಗಳಿರಬಹುದು. ಜೀವದಯೆ ಒಂದು, ಚರ್ಮ ಮೂಳೆಗಳ ಮೇಲಣ ಹೇಸಿಗೆ ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ನಿರಾಕರಣೆ. ಆದರೆ ಎರಡನೆಯದು ಸಾವಕಾಶವಾಗಿ ವಸ್ತುವಿನಿಂದ ಮನುಷ್ಯನ ಮೇಲೆ ಹರಿಯುತ್ತದೆ. ಮೂಳೆಯನ್ನು ಹೇಸುವವನು ಮೂಳೆಯನ್ನು ಆಯುವವನನ್ನೂ, ತೊಗಲನ್ನು ಹದಮಾಡುವವನನ್ನೂ ಹೇಸತೊಡಗುತ್ತಾನೆ. ಡೋಹರ ಕಕ್ಕಯ್ಯನ ಕಾಯಕ ಯಾವುದಾಗಿತ್ತು? ಹರಳಯ್ಯನ ಕಾಯಕ ಯಾವುದಾಗಿತ್ತು? ಮಾದಾರ ಚೆನ್ನಯ್ಯನನ್ನೂ ಕಕ್ಕಯ್ಯನನ್ನೂ ತನ್ನ ಬಂಧುಗಳೆಂದು ಬಸವಣ್ಣನು ಹೇಳಿಕೊಂಡುದು ಅವರ ಕೈಯ ವಾಸನೆಯನ್ನು ಅರಿಯದೆಯೇ? ಶರಣರು ತೊಗಲಿನ ಕೆಲಸವನ್ನು ಮಾಡುವವನ ಮನೆಯ ಬಾಗಿಲಿನಲ್ಲಿ ನಿಂತು ಪ್ರಸಾದವನ್ನು ಬೇಡಿದವರ ಸಂತತಿ. ಸಸ್ಯಕವಚದ ಕ್ಯಾಪ್ಸೂಲನ್ನು ಹಿಡಿದು, “ನಮ್ಮದು ಶುದ್ಧ” ಎಂದು ನೆರೆಯವನೆದುರು ಮೆರೆಯುವವನು ಆ ಸಂತತಿಯಿಂದ ತಾನಾಗಿ ಹೊರಗೆ ನಿಂತಂತೆ. ಅವನ ಕಾಲಿನಲ್ಲಿರುವ ಜೋಡೂ ಹೆಚ್ಚಾಗಿ ತೊಗಲಿನದೇ. ಉಣ್ಣುವುದಕ್ಕೂ ತೊಡುವುದಕ್ಕೂ ಅಂತರವಿದೆಯೆಂಬುದು ನಿಜ. ಉಣ್ಣುವುದು ಅರ್ಪಿತ, ತೊಡುವುದು ಹಾಗಲ್ಲ. ಆ ಅಂತರವನ್ನು ಹೇಳುವವನು ಮೆಲ್ಲನೆಯ ದನಿಯಲ್ಲಿ ಹೇಳಬೇಕು.

ಈ ಪ್ರಶ್ನೆಯು ಲಿಂಗವಂತರೊಬ್ಬರದೇ ಅಲ್ಲ. ಹಂದಿಯ ಜೆಲಾಟಿನ್ನನ್ನು ಮುಸಲ್ಮಾನರು ಒಲ್ಲರು, ಯಾವ ಜೆಲಾಟಿನ್ನನ್ನೂ ಜೈನರು ಒಲ್ಲರು. ಒಂದೇ ಔಷಧಿಯ ಅಂಗಡಿಯ ಮುಂದೆ ಮೂವರೂ ನಿಂತು ಒಂದೇ ಪ್ರಶ್ನೆಯನ್ನು ಕೇಳಿದರೆ ಅಂಗಡಿಯವನು ಉತ್ತರವನ್ನು ಹುಡುಕಲೇಬೇಕಾಗುವುದು.

ಈಗ ಚಾಂಪಿಯನ್ ರೀಫ್ಸಿನ ಆ ಮನೆಗೆ ಮರಳಬಹುದು. ಹಿರಿಯರು ಲಿಂಗೈಕ್ಯರಾಗಿದ್ದಾರೆ. ಅಂದು ತೊಟ್ಟಿಲಲ್ಲಿದ್ದ ಮೊಮ್ಮಗಳು ಈಗ ಮಾರಿಕುಪ್ಪದಿಂದ ಹೊರಡುವ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕೆಲಸ ಮಾಡಿ ರಾತ್ರಿ ಮರಳುವಳು. ಗಣಿ ಮುಚ್ಚಿದಂದಿನಿಂದ ಆ ಊರಿನ ಅನ್ನವು ಬಹುಮಟ್ಟಿಗೆ ಆ ರೈಲಿನಲ್ಲಿಯೇ ಬರುತ್ತಿದೆ. ಒಂದು ದಿನ ಅವಳು ಕೂದಲಿಗೂ ಚರ್ಮಕ್ಕೂ ಕಾಂತಿ ಬರುವುದೆಂದು ಸ್ನೇಹಿತೆಯರು ಹೇಳಿದ ಒಂದು ಸೀಸೆಯನ್ನು ತಂದಳು. “ಅಮ್ಮ, ನೋಡು. ತಾತ ಪಟ್ಟ ಪಾಡು ನನಗಿಲ್ಲ. ಇದರದ್ದು ಗಿಡದ ಕವಚ, ಬರೆದೇ ಇದೆ” ಎಂದಳು.

ಇಲ್ಲಿ ಅವಧಾನದ ಪರೀಕ್ಷೆ ತಲೆಕೆಳಗಾಗಿ ಬರುತ್ತದೆ. ತಾತನಿಗೆ ಮದ್ದು ಅಗತ್ಯವಾಗಿತ್ತು, ಕವಚ ಅಶುದ್ಧವೆನಿಸಿತ್ತು. ಮೊಮ್ಮಗಳ ಕವಚ ಶುದ್ಧ. ಆದರೆ ಒಳಗಿರುವುದು ಏನು, ಅದರ ಅಗತ್ಯವೇನು? ಇಂತಹ ಸೀಸೆಗಳಲ್ಲಿ ಸಸ್ಯಕವಚದೊಳಗೆ ಮೀನಿನ ಚರ್ಮದಿಂದಲೋ ದನದ ತೊಗಲಿನಿಂದಲೋ ತೆಗೆದ ಕೊಲಾಜೆನ್ನನ್ನೇ ತುಂಬಿರುವುದುಂಟು. ಯಾವ ವಸ್ತುವಿನಿಂದ ಜೆಲಾಟಿನ್ ಆಗುವುದೋ ಅದೇ ವಸ್ತು! ಹೊರಗೆ ಮರದ ತಿರುಳು, ಒಳಗೆ ತೊಗಲಿನ ಸಾರ. ಡಿ ಜೀವಸತ್ವದ ಒಂದು ಬಗೆಯನ್ನು ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆಯುತ್ತಾರೆ. ಅದಕ್ಕೆ ಕುರಿಯನ್ನು ಕೊಲ್ಲಬೇಕಾದುದಿಲ್ಲ, ಆದರೂ ಅರಿತಿರುವುದು ಲೇಸು. ಮೆತ್ತನೆಯ, ಎಣ್ಣೆ ತುಂಬಿದ ಮುತ್ತಿನಂತಹ ಕ್ಯಾಪ್ಸೂಲುಗಳು ಬಹುತೇಕ ಇನ್ನೂ ಜೆಲಾಟಿನ್ನಿನವೇ. ಆದುದರಿಂದ ಕವಚದ ಹೊಗಳಿಕೆಯನ್ನು ಓದಿ ನಿಲ್ಲಬಾರದು. ಸೀಸೆಯ ಮೇಲಿನ ಹಸಿರು ಅಥವಾ ಕಂದುಗುರುತನ್ನೂ, ಸಣ್ಣಕ್ಷರದ ಪಟ್ಟಿಯನ್ನೂ ನೋಡಬೇಕು. ಹಣೆಯ ವಿಭೂತಿಯನ್ನು ಮಾತ್ರ ನ���ಡಿ ಮನುಷ್ಯನನ್ನು ಅಳೆಯಬಾರದೆಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಕ್ತಹೀನತೆಯೆಂದು ಡಾಕ್ಟರು ಕಬ್ಬಿಣದ ಸತ್ವವನ್ನು ಬರೆದುಕೊಟ್ಟಿದ್ದರೆ ಅದು ಔಷಧಿ. ತಾತನಿಗೆ ಹೇಳಿದ ಮಾತು ಅದಕ್ಕೂ ಸಲ್ಲುವುದು. ಸ್ನೇಹಿತೆಯ ಮಾತಿಗೆ ಕೊಂಡುತಂದ ಸೀಸೆಯಲ್ಲಿ ಅಂತಹ ಅನಿವಾರ್ಯವೇನಿದೆ? ಅಲ್ಲಿ ಆಯ್ಕೆಯು ಪೂರ್ತಿಯಾಗಿ ಭಕ್ತನದೇ. ಆದುದರಿಂದ ಎಚ್ಚರವೂ ಪೂರ್ತಿಯಾಗಿರಬೇಕು.

ತಾಯಿಯು ಸೀಸೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಒಂದು ಕಾಲಕ್ಕೆ ಮಾವನವರ ಬಟ್ಟಲಿನಲ್ಲಿ ಮೆತ್ತಿದ್ದ ಕೆಂಪು ಪುಡಿಯನ್ನು ತೊಳೆದು ತೊಳೆದು ಸಾಕಾದವಳು ಅವಳು. ಅಕ್ಷರಗಳು ಚಿಕ್ಕವಾಗಿದ್ದುವು. “ಕನ್ನಡಕ ತೆಗೆದುಕೊಂಡು ಬಾ ಮಗಳೇ, ಒಳಗೇನಿದೆಯೋ ಇಬ್ಬರೂ ಓದೋಣ” ಎಂದಳು.